ಹಳೆಯ ಬೇಸ್‌ಬಾಲ್ ಕಾರ್ಡಿಗೆ ಕೋಟಿ ಡಾಲರ್ ಬೆಲೆ ಬರುವುದು ಹೇಗೆ?

2022ರ ಆಗಸ್ಟ್ ತಿಂಗಳಲ್ಲಿ ಅಮೆರಿಕದಲ್ಲಿ ಎರಡು ಹಳೆಯ ಬೇಸ್‌ಬಾಲ್ ಕಾರ್ಡುಗಳು ಮಾರಾಟವಾದವು. ಒಂದು, 1909ರಿಂದ 1911ರ ನಡುವೆ ಸಿಗರೇಟು ಪೊಟ್ಟಣದೊಳಗೆ ಬಂದ ಹೋನಸ್ ವ್ಯಾಗ್ನರ್ ಕಾರ್ಡು. ಅದು 72.5 ಲಕ್ಷ ಡಾಲರಿಗೆ ಹೋಯಿತು. ಇನ್ನೊಂದು, 1952ರಲ್ಲಿ ಬಬಲ್ ಗಮ್ ಜೊತೆ ಬಂದ ಮಿಕಿ ಮ್ಯಾಂಟಲ್ ಕಾರ್ಡು. ಹೆರಿಟೇಜ್ ಹರಾಜು ಸಂಸ್ಥೆಯಲ್ಲಿ ಅದಕ್ಕೆ 1.26 ಕೋಟಿ ಡಾಲರ್ ಬಂತು. ಅಲ್ಲಿಯವರೆಗೆ ಯಾವ ಕ್ರೀಡಾ ಕಾರ್ಡಿಗೂ ಅಷ್ಟು ಬೆಲೆ ಬಂದಿರಲಿಲ್ಲ.

ವ್ಯಾಗ್ನರ್ ಕಾರ್ಡು ಇಡೀ ಜಗತ್ತಿನಲ್ಲಿ ಇರುವುದು ಐವತ್ತು ಅರವತ್ತು. ಮ್ಯಾಂಟಲ್ ಕಾರ್ಡುಗಳನ್ನು ಎಣಿಸಬೇಕಾದರೆ ಸಾವಿರದ ಲೆಕ್ಕದಲ್ಲೇ ಎಣಿಸಬೇಕು. ಸಿಗುವುದು ಕಷ್ಟವಾದಷ್ಟೂ ಬೆಲೆ ಹೆಚ್ಚು ಎಂಬ ಮಾತೊಂದೇ ನಿಜವಾಗಿದ್ದರೆ ಈ ಎರಡು ಬೆಲೆಗಳು ಅದಲುಬದಲಾಗಬೇಕಿತ್ತು. ಹಾಗಾಗಲಿಲ್ಲ. ಕಾರ್ಡಿನ ಬೆಲೆಯನ್ನು ಹುಟ್ಟಿಸುವುದು ಬೇಡಿಕೆ. ಹುಟ್ಟಿದ ಬೆಲೆಯನ್ನು ಎತ್ತರಕ್ಕೆ ಒಯ್ಯುವುದು ವಿರಳತೆ. ಬೇಡುವವರೇ ಇಲ್ಲದ ಕಡೆ ವಿರಳತೆಗೆ ಮಾಡಲು ಕೆಲಸವೇ ಇರುವುದಿಲ್ಲ.

ಸಿಗರೇಟು ಪೊಟ್ಟಣದಿಂದ ಬಬಲ್ ಗಮ್‌ವರೆಗೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಿಗರೇಟುಗಳು ತೆಳು ಕಾಗದದ ಪೊಟ್ಟಣದಲ್ಲಿ ಬರುತ್ತಿದ್ದವು. ಒಳಗಿನ ಸಿಗರೇಟು ಮುರಿಯದಿರಲಿ ಎಂದು ಕಂಪನಿಗಳು ಒಂದು ಗಟ್ಟಿ ರಟ್ಟಿನ ತುಂಡು ಇಡುತ್ತಿದ್ದವು. ಆ ರಟ್ಟಿನ ಮೇಲೆ ಚಿತ್ರ ಅಚ್ಚು ಹಾಕಿದರೆ ಗಿರಾಕಿ ಮತ್ತೆ ಅದೇ ಬ್ರ್ಯಾಂಡನ್ನು ಹುಡುಕಿಕೊಂಡು ಬರುತ್ತಾನೆ ಎಂಬುದು ಬೇಗ ಗೊತ್ತಾಯಿತು. 1887ರ ಹೊತ್ತಿಗೆ ನ್ಯೂಯಾರ್ಕಿನ ಗುಡ್ವಿನ್ ಕಂಪನಿ ತನ್ನ ‘ಓಲ್ಡ್ ಜಡ್ಜ್’ ಸಿಗರೇಟಿನಲ್ಲಿ, ವರ್ಜೀನಿಯಾದ ಆಲೆನ್ ಅಂಡ್ ಗಿಂಟರ್ ಕಂಪನಿ ತನ್ನ ಪೊಟ್ಟಣಗಳಲ್ಲಿ ಆಟಗಾರರ ಚಿತ್ರ ಇಡತೊಡಗಿದವು. 1909ರಲ್ಲಿ ಅಮೆರಿಕನ್ ಟೊಬ್ಯಾಕೊ ಕಂಪನಿ ಹೊರಡಿಸತೊಡಗಿದ ಮಾಲೆ ಇವೆಲ್ಲಕ್ಕಿಂತ ಹೆಸರಾದದ್ದು. ಅದರಲ್ಲಿ 524 ಕಾರ್ಡುಗಳಿದ್ದವು. ಹಿಂಬದಿಯಲ್ಲಿ ಪೀಡ್‌ಮಾಂಟ್, ಸ್ವೀಟ್ ಕ್ಯಾಪೊರಲ್ ಮೊದಲಾಗಿ 16 ಸಿಗರೇಟು ಬ್ರ್ಯಾಂಡುಗಳ ಜಾಹೀರಾತು. ಒಂದೂವರೆ ಅಂಗುಲವೂ ಅಗಲವಿಲ್ಲದ ಈ ಪುಟ್ಟ ಕಾರ್ಡುಗಳ ಮಾಲೆಯೇ ‘ಟಿ206’.

ಆ ಹೆಸರು ಕಂಪನಿ ಇಟ್ಟದ್ದಲ್ಲ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಊರಿನ ಜೆಫರ್ಸನ್ ಬರ್ಡಿಕ್ ಎಂಬ ಸಂಗ್ರಾಹಕರು ಹಳೆಯ ಕಾರ್ಡುಗಳಿಗೆಲ್ಲ ಸಂಕೇತ ಕೊಟ್ಟು ಪಟ್ಟಿ ಮಾಡಿದರು. ಇಪ್ಪತ್ತನೆಯ ಶತಮಾನದ ತಂಬಾಕು ಕಾರ್ಡುಗಳಿಗೆ ‘ಟಿ’ ಅಕ್ಷರ ಬಂದದ್ದು ಹಾಗೆ. ತೀವ್ರ ಸಂಧಿವಾತದಿಂದ ಬೆರಳು ಮಡಚಲೂ ಕಷ್ಟವಾಗಿದ್ದ ಈ ಮನುಷ್ಯ ತನ್ನ ಮೂರು ಲಕ್ಷಕ್ಕೂ ಹೆಚ್ಚಿನ ಮುದ್ರಿತ ವಸ್ತುಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ವಸ್ತುಸಂಗ್ರಹಾಲಯಕ್ಕೆ ದಾನ ಕೊಟ್ಟರು. ವರ್ಷಗಟ್ಟಲೆ ಅಲ್ಲಿಯೇ ಕುಳಿತು ಅವನ್ನು ಆಲ್ಬಮ್ಮುಗಳಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಆ ಕೆಲಸ ಮುಗಿಯಿತು, ಮಾರ್ಚ್‌ನಲ್ಲಿ ಅವರು ತೀರಿಕೊಂಡರು. ಇಂದಿನ ಕೋಟಿಗಳ ವ್ಯಾಪಾರವೆಲ್ಲ ಅವರು ಹಾಕಿಕೊಟ್ಟ ಪಟ್ಟಿಯ ಮೇಲೆ ನಿಂತಿದೆ. ಅವರಿಗೆ ಸಲ್ಲಬೇಕಾದಷ್ಟು ಹೆಸರು ಸಂದಿಲ್ಲ ಎಂದೇ ನನ್ನ ಭಾವನೆ.

ತಂಬಾಕಿನ ನಂತರ ಮಿಠಾಯಿ, ಆಮೇಲೆ ಬಬಲ್ ಗಮ್. 1933ರಲ್ಲಿ ಬೋಸ್ಟನ್ನಿನ ಗೌಡಿ ಕಂಪನಿ, 1948ರಲ್ಲಿ ಬೌಮನ್, 1950ರ ದಶಕದ ಆರಂಭದಲ್ಲಿ ಬ್ರೂಕ್ಲಿನ್‌ನ ಟಾಪ್ಸ್. 1956ರಲ್ಲಿ ಬೌಮನ್ ಕಂಪನಿಯನ್ನೇ ಕೊಂಡುಕೊಂಡ ಟಾಪ್ಸ್, 1980ರವರೆಗೂ ಹೆಚ್ಚುಕಡಿಮೆ ಒಬ್ಬಂಟಿಯಾಗಿ ಮಾರುಕಟ್ಟೆ ಆಳಿತು. 1980ಕ್ಕೆ ಮುಂಚಿನದನ್ನೇ ಸಂಗ್ರಾಹಕರು ಸಾಮಾನ್ಯವಾಗಿ ‘ವಿಂಟೇಜ್’ ಎನ್ನುವುದು.

ವ್ಯಾಗ್ನರ್ ಕಾರ್ಡು ಕಡಿಮೆಯಾದದ್ದು

ಹೋನಸ್ ವ್ಯಾಗ್ನರ್ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಆಟಗಾರ. ಎಂಟು ಬಾರಿ ತನ್ನ ಲೀಗಿನ ಬ್ಯಾಟಿಂಗ್ ಪಟ್ಟಿಯಲ್ಲಿ ಅಗ್ರಸ್ಥಾನ ಪಡೆದವರು. 1936ರಲ್ಲಿ ‘ಹಾಲ್ ಆಫ್ ಫೇಮ್’ ಗೌರವಕ್ಕೆ ಆರಿಸಿದ ಮೊದಲ ಐವರಲ್ಲಿ ಟೈ ಕಾಬ್, ಬೇಬ್ ರೂತ್ ಜೊತೆಗೆ ಇವರೂ ಒಬ್ಬರು. ತಮ್ಮ ಚಿತ್ರವಿರುವ ಕಾರ್ಡನ್ನು ಸಿಗರೇಟಿನ ಜೊತೆ ಹಂಚಲು ಇವರು ಒಪ್ಪಲಿಲ್ಲ. ಅನುಮತಿ ಕೊಡಿಸಿದರೆ ಪಿಟ್ಸ್‌ಬರ್ಗಿನ ಪತ್ರಕರ್ತರೊಬ್ಬರಿಗೆ ಕಂಪನಿಯಿಂದ 10 ಡಾಲರ್ ಸಿಗುವುದಿತ್ತಂತೆ. ವ್ಯಾಗ್ನರ್ ಒಲ್ಲೆ ಎಂದು ಬರೆದು, ಆ ಪತ್ರಕರ್ತರಿಗೆ ನಷ್ಟವಾಗಬಾರದೆಂದು ತಾವೇ 10 ಡಾಲರಿನ ಚೆಕ್ ಕಳಿಸಿದರು ಎಂದು 1912ರ ‘ಸ್ಪೋರ್ಟಿಂಗ್ ನ್ಯೂಸ್’ ಪತ್ರಿಕೆ ವರದಿ ಮಾಡಿದೆ. ತಾವು ತಂಬಾಕು ಅಗಿಯುತ್ತಿದ್ದವರೇ ಆದ್ದರಿಂದ, ದುಡ್ಡಿನ ವಿಷಯಕ್ಕೇ ಒಪ್ಪಲಿಲ್ಲ ಎನ್ನುವವರೂ ಇದ್ದಾರೆ. ಕಾರಣ ಏನೇ ಇರಲಿ, ಅಷ್ಟರಲ್ಲಿ ಕೆಲವು ಕಾರ್ಡುಗಳು ಅಚ್ಚಾಗಿ ಹೊರಗೆ ಹೋಗಿದ್ದವು. ಮುದ್ರಣ ನಿಂತಿತು.

ಉಳಿದ ಕಾರ್ಡುಗಳು ಬಿಡಿಗಾಸಿಗೆ ಸಿಗುತ್ತಿದ್ದ ಕಾಲದಲ್ಲೇ ಬರ್ಡಿಕ್ ತಮ್ಮ ಪಟ್ಟಿಯಲ್ಲಿ ಇದಕ್ಕೆ 50 ಡಾಲರ್ ಬೆಲೆ ಹಾಕಿದ್ದರು. ಮಾಲೆ ಪೂರ್ತಿ ಮಾಡಬೇಕೆಂದು ಹೊರಟವರಿಗೆಲ್ಲ ಕೊನೆಗೆ ಹೆಚ್ಚಾಗಿ ಅಡ್ಡ ಬರುತ್ತಿದ್ದದ್ದು ಈ ಕಾರ್ಡು. ಹೀಗೆ ಇದರ ಕೀರ್ತಿ ಬೆಳೆಯಿತು. ಕೀರ್ತಿ ಬೆಳೆದಂತೆ ಬೇಸ್‌ಬಾಲ್ ಗಂಧವಿಲ್ಲದ ಶ್ರೀಮಂತರೂ ಇದನ್ನು ಬಯಸಿದರು. ಇಂಥ ಕಾರ್ಡಿಗೆ ಹರಿದು ಹೋದರೂ ಗಿರಾಕಿ ತಪ್ಪುವುದಿಲ್ಲ. 2022ರಲ್ಲಿ ಅರ್ಧ ಮಾತ್ರ ಉಳಿದ ಒಂದು ವ್ಯಾಗ್ನರ್ ಕಾರ್ಡು ನಾಲ್ಕು ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಮಾರಾಟವಾಯಿತು.

ಇನ್ನೂ ವಿರಳ, ಆದರೂ ಅಗ್ಗ

ಅದೇ ಟಿ206 ಮಾಲೆಯಲ್ಲಿ ಜೋ ಡಾಯ್ಲ್ ಎಂಬ ಬೌಲರನ ಕಾರ್ಡಿದೆ. (ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವವರನ್ನು ಪಿಚರ್ ಎನ್ನುತ್ತಾರೆ.) ಅವನು ಆಡುತ್ತಿದ್ದದ್ದು ನ್ಯೂಯಾರ್ಕಿನ ಅಮೆರಿಕನ್ ಲೀಗ್ ತಂಡಕ್ಕೆ. ಅದೇ ನಗರದ ನ್ಯಾಷನಲ್ ಲೀಗ್ ತಂಡದಲ್ಲಿ ಲ್ಯಾರಿ ಡಾಯ್ಲ್ ಎಂಬ ಬೇರೊಬ್ಬ ಆಟಗಾರನಿದ್ದ. ಅಚ್ಚುಕೂಟದವರು ಗೊಂದಲ ಮಾಡಿಕೊಂಡು ಜೋ ಚಿತ್ರದ ಕೆಳಗೆ ನ್ಯಾಷನಲ್ ಲೀಗ್ ಎಂದು ಹಾಕಿದರು, ತಪ್ಪು ಗೊತ್ತಾದ ಕೂಡಲೇ ತೆಗೆದರು. ಆ ತಪ್ಪಿರುವ ಕಾರ್ಡು ಇಂದು ಹತ್ತರ ಆಸುಪಾಸಿನಲ್ಲಿದೆ. ಎಂದರೆ ವ್ಯಾಗ್ನರ್ ಕಾರ್ಡಿಗಿಂತ ಐದಾರು ಪಟ್ಟು ವಿರಳ. ಅದರ ಬೆಲೆಯೂ ದೊಡ್ಡದೇ, ಆದರೆ ವ್ಯಾಗ್ನರ್ ಕಾರ್ಡಿನ ಬೆಲೆಗಿಂತ ಎಷ್ಟೋ ಕೆಳಗೆ. ಆ ತಪ್ಪಿನ ಕತೆ ಗೊತ್ತಿರುವ ಹಳಬರು ಮಾತ್ರ ಅದನ್ನು ಹುಡುಕುತ್ತಾರೆ. ಹೊರಗಿನವರಿಗೆ ಜೋ ಡಾಯ್ಲ್ ಯಾರೆಂದೇ ತಿಳಿಯದು.

ಇದಕ್ಕಿಂತ ಸ್ಪಷ್ಟವಾದ ಉದಾಹರಣೆ 1914ರ ‘ಬಾಲ್ಟಿಮೋರ್ ನ್ಯೂಸ್’ ಕಾರ್ಡುಗಳು. ಬಾಲ್ಟಿಮೋರ್‌ನ ಓರಿಯೋಲ್ಸ್ ಆಗ ಎರಡನೇ ದರ್ಜೆಯ ಲೀಗಿನ ತಂಡ. ಸ್ಥಳೀಯ ಪತ್ರಿಕೆಯೊಂದು ಅದರ ಆಟಗಾರರ ಚಿತ್ರವನ್ನು ಒಂದು ಬದಿಗೆ, ಪಂದ್ಯಗಳ ವೇಳಾಪಟ್ಟಿಯನ್ನು ಇನ್ನೊಂದು ಬದಿಗೆ ಅಚ್ಚು ಹಾಕಿ ಹಂಚಿತು. ಆ ತಂಡದಲ್ಲಿದ್ದ ಹತ್ತೊಂಬತ್ತರ ಹುಡುಗ ಬೇಬ್ ರೂತ್. ಆ ರೂತ್ ಕಾರ್ಡು ಇಂದು ಸುಮಾರು ಹತ್ತು ಉಳಿದಿವೆ. ಪತ್ರಿಕೆ ಹಂಚುವ ಹುಡುಗನೊಬ್ಬ ಆಗ ತೆಗೆದಿಟ್ಟುಕೊಂಡು, ತಲೆಮಾರುಗಳ ಕಾಲ ಒಂದೇ ಮನೆತನದಲ್ಲಿದ್ದ ಪ್ರತಿಯೊಂದು 2023ರ ಡಿಸೆಂಬರಿನಲ್ಲಿ 72 ಲಕ್ಷ ಡಾಲರಿಗೆ ಮಾರಾಟವಾಯಿತು. ಅದೇ ಕಾಗದ, ಅದೇ ಅಚ್ಚು, ಅದೇ ವರ್ಷ, ಅಷ್ಟೇ ವಿರಳವಾದ ಉಳಿದ ಓರಿಯೋಲ್ಸ್ ಆಟಗಾರರ ಕಾರ್ಡುಗಳ ಬೆಲೆ ಇದರ ಹತ್ತಿರಕ್ಕೂ ಸುಳಿಯುವುದಿಲ್ಲ. ಬೇರೆಲ್ಲವೂ ಸಮವಾಗಿರುವಾಗ ಚಿತ್ರದಲ್ಲಿರುವ ಮುಖವೊಂದೇ ಬೇರೆ. ಬೇಡಿಕೆ ಏನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಶುದ್ಧವಾದ ಸಾಕ್ಷ್ಯ ಬೇಕಿಲ್ಲ.

ವಿರಳತೆ ಕೆಲವೊಮ್ಮೆ ಕಂಪನಿಯ ಉಪಾಯದಿಂದಲೂ ಹುಟ್ಟುತ್ತದೆ. 1933ರ ಗೌಡಿ ಮಾಲೆಯಲ್ಲಿ 240 ಸಂಖ್ಯೆಗಳಿದ್ದವು, ಆದರೆ 106ನೆಯ ಕಾರ್ಡನ್ನು ಆ ವರ್ಷ ಅಚ್ಚೇ ಹಾಕಲಿಲ್ಲ. ಮಕ್ಕಳು ಅದಕ್ಕಾಗಿ ಗಮ್ ಕೊಳ್ಳುತ್ತಲೇ ಇದ್ದರು. ಕೊನೆಗೆ ಪತ್ರ ಬರೆದು ಕೇಳಿದವರಿಗೆ, 1934ರಲ್ಲಿ ಅಚ್ಚು ಹಾಕಿದ ನ್ಯಾಪ್ ಲಾಜೊವೆ ಕಾರ್ಡನ್ನು ಕಂಪನಿ ಅಂಚೆಯಲ್ಲಿ ಕಳಿಸಿತು. ಪತ್ರಕ್ಕೆ ಕಾರ್ಡನ್ನು ಪೇಪರ್ ಕ್ಲಿಪ್ಪಿನಿಂದ ಸಿಕ್ಕಿಸಿದ್ದರು. ಇಂದು ಸಿಗುವ ಹಲವು ಪ್ರತಿಗಳ ಮೇಲೆ ಆ ಕ್ಲಿಪ್ಪಿನ ಅಚ್ಚು ಕಾಣುತ್ತದೆ. ಬೇರೆ ಕಾರ್ಡಿನಲ್ಲಿ ದೋಷವೆನಿಸುವ ಆ ಗುರುತು ಇಲ್ಲಿ ಅದು ಬಂದ ದಾರಿಯನ್ನು ಹೇಳುತ್ತದೆ.

ಮ್ಯಾಂಟಲ್: ವಿರಳವಲ್ಲದ ದುಬಾರಿ ಕಾರ್ಡು

1952ರ ಟಾಪ್ಸ್ ಮಾಲೆಯಲ್ಲಿ 407 ಕಾರ್ಡುಗಳು. ಅವು ಕಂತುಕಂತಾಗಿ ಬಂದವು. 311ರಿಂದ 407ರವರೆಗಿನ ಕೊನೆಯ ಕಂತು ಅಂಗಡಿಗೆ ಬರುವಷ್ಟರಲ್ಲಿ ಬೇಸ್‌ಬಾಲ್ ಋತು ಮುಗಿಯುತ್ತಾ ಬಂದಿತ್ತು. ಮಕ್ಕಳ ಮನಸ್ಸು ಫುಟ್‌ಬಾಲಿನತ್ತ ತಿರುಗಿತ್ತು, ಅಂಗಡಿಯವರು ಬೇಡವೆಂದರು. ಮಾರಾಟವಾಗದ ಪೆಟ್ಟಿಗೆಗಳು ವರ್ಷಗಟ್ಟಲೆ ಗೋದಾಮಿನಲ್ಲಿ ಜಾಗ ತಿಂದವು. ಆ ಮಾಲೆಯನ್ನು ರೂಪಿಸಿದ ಸೈ ಬರ್ಗರ್ 1960ರಲ್ಲಿ ಅವನ್ನೆಲ್ಲ ದೋಣಿಯಲ್ಲಿ ಒಯ್ದು ನ್ಯೂಜೆರ್ಸಿ ತೀರದಾಚೆ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದರು. ಇದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಆ ಕಂತಿನ ಮೊದಲ ಕಾರ್ಡು, 311ನೆಯದು, ಮ್ಯಾಂಟಲ್. ಇಲ್ಲಿ ಒಂದು ಸಣ್ಣ ಲೆಕ್ಕ ಗಮನಿಸಿ. ಟಾಪ್ಸ್ ಮುದ್ರಣ ಹಾಳೆಯಲ್ಲಿ ನೂರು ಕಾರ್ಡುಗಳಿಗೆ ಜಾಗ. ಕೊನೆಯ ಕಂತಿನಲ್ಲಿದ್ದದ್ದು 97. ಉಳಿದ ಮೂರು ಜಾಗ ತುಂಬಲು ಮೂವರ ಕಾರ್ಡನ್ನು ಎರಡೆರಡು ಸಲ ಹಾಕಿದರು: ಮ್ಯಾಂಟಲ್, ಜಾಕಿ ರಾಬಿನ್ಸನ್, ಬಾಬಿ ಥಾಮ್ಸನ್. ಹಾಗಾಗಿ ಅದೇ ಕಂತಿನ ಹೆಸರಿಲ್ಲದ ಆಟಗಾರನ ಕಾರ್ಡಿಗಿಂತ ಮ್ಯಾಂಟಲ್ ಕಾರ್ಡು ಎರಡು ಪಟ್ಟು ಹೆಚ್ಚು ಅಚ್ಚಾಗಿದೆ. ಅದು ಅವರ ಮೊದಲ ಕಾರ್ಡೂ ಅಲ್ಲ. ರೂಕಿ ಕಾರ್ಡು, ಎಂದರೆ ಮೊದಲ ಕಾರ್ಡು, ಎನ್ನಬೇಕಾದದ್ದು 1951ರ ಬೌಮನ್ ಕಾರ್ಡು. ಆದರೂ 1952ರ ಟಾಪ್ಸ್ ಕಾರ್ಡಿಗೇ ಜನ ಮುಗಿಬೀಳುತ್ತಾರೆ.

ಕಾರಣ ಮ್ಯಾಂಟಲ್ ಅವರೇ. ಒಕ್ಲಹೋಮಾದ ಗಣಿ ಕಾರ್ಮಿಕನ ಮಗ, ನ್ಯೂಯಾರ್ಕ್ ಯಾಂಕೀಸ್ ತಂಡದಲ್ಲಿ 18 ವರ್ಷ ಆಡಿ 536 ಹೋಮ್ ರನ್ ಬಾರಿಸಿದವರು, ಋತುವಿನ ಕೊನೆಯ ಪ್ರಶಸ್ತಿ ಸರಣಿಯಾದ ‘ವಿಶ್ವ ಸರಣಿ’ಯನ್ನು ಏಳು ಬಾರಿ ಗೆದ್ದವರು. ಟಿವಿ ಮನೆಮನೆಗೆ ಬರುತ್ತಿದ್ದ ಕಾಲದಲ್ಲಿ, ಅತಿ ದೊಡ್ಡ ನಗರದ ಅತಿ ದೊಡ್ಡ ತಂಡದಲ್ಲಿ ಮಿಂಚಿದರು. ಎರಡನೇ ಮಹಾಯುದ್ಧದ ನಂತರ ಹುಟ್ಟಿದ ತಲೆಮಾರು ಅವರನ್ನು ನೋಡುತ್ತಾ ಬೆಳೆಯಿತು. ಆ ಮಕ್ಕಳು ನಲವತ್ತು ದಾಟಿ ಕೈಯಲ್ಲಿ ಹಣ ಓಡಾಡತೊಡಗಿದಾಗ, ಅಮ್ಮ ಮನೆ ಸ್ವಚ್ಛ ಮಾಡುವಾಗ ಎಸೆದ ಕಾರ್ಡನ್ನು ಮತ್ತೆ ಕೊಳ್ಳಲು ಹೊರಟರು. 1.26 ಕೋಟಿ ಡಾಲರಿಗೆ ಹೋದ ಪ್ರತಿ 1991ರಲ್ಲಿ 50 ಸಾವಿರ ಡಾಲರಿಗೆ ಮಾರಾಟವಾಗಿತ್ತು. ಮೂವತ್ತೊಂದು ವರ್ಷದಲ್ಲಿ ಇನ್ನೂರೈವತ್ತು ಪಟ್ಟು. ಅಷ್ಟು ವರ್ಷದಲ್ಲಿ ಕಾರ್ಡುಗಳ ಸಂಖ್ಯೆ ಕುಗ್ಗಿರಲಿಲ್ಲ, ಬೇಡುವವರು ಹೆಚ್ಚಿದ್ದರು.

ಅಂಕಗಳು ಸೃಷ್ಟಿಸಿದ ವಿರಳತೆ

ಹಾಗಿದ್ದರೂ ಎಲ್ಲ ಮ್ಯಾಂಟಲ್ ಕಾರ್ಡಿಗೂ ಕೋಟಿ ಬರುವುದಿಲ್ಲ. ಮೂಲೆ ಮುದುಡಿ, ನಡುವೆ ಮಡಿಕೆ ಬಿದ್ದ ಪ್ರತಿ ಕೆಲವು ಹತ್ತು ಸಾವಿರ ಡಾಲರುಗಳಿಗೆ ನಿಲ್ಲುತ್ತದೆ. ಕೋಟಿಯನ್ನು ಸಾವಿರದಿಂದ ಬೇರ್ಪಡಿಸುವುದು ಕಾರ್ಡಿನ ಸ್ಥಿತಿ.

1991ರಲ್ಲಿ ಆರಂಭವಾದ ಪಿಎಸ್‌ಎ ಎಂಬ ಸಂಸ್ಥೆ ಕಾರ್ಡುಗಳನ್ನು ಪರೀಕ್ಷಿಸಿ 1ರಿಂದ 10ರವರೆಗೆ ಅಂಕ ಕೊಟ್ಟು, ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುವ ಪದ್ಧತಿಯನ್ನು ಬೆಳೆಸಿತು. ಆಮೇಲೆ ಎಸ್‌ಜಿಸಿ, ಬೆಕೆಟ್ ಸಂಸ್ಥೆಗಳೂ ಬಂದವು. ಅವರು ನೋಡುವುದು ನಾಲ್ಕು: ಚಿತ್ರದ ಸುತ್ತಲಿನ ಬಿಳಿ ಅಂಚು ನಾಲ್ಕೂ ಕಡೆ ಸಮವಾಗಿದೆಯೇ, ಮೂಲೆಗಳು ಚೂಪಾಗಿವೆಯೇ, ಬದಿ ಸವೆದಿದೆಯೇ, ಮೈಮೇಲೆ ಗೀರು-ಕಲೆ ಇದೆಯೇ. ಬರಿಗಣ್ಣಿಗೆ ಒಂದೇ ಥರ ಕಾಣುವ ಎರಡು ಕಾರ್ಡುಗಳಲ್ಲಿ ಒಂದಕ್ಕೆ 8, ಇನ್ನೊಂದಕ್ಕೆ 9 ಬಂದರೆ ಬೆಲೆ ಹಲವು ಪಟ್ಟು ವ್ಯತ್ಯಾಸವಾಗುತ್ತದೆ. ಯಾವ ಕಾರ್ಡಿಗೆ ಯಾವ ಅಂಕ ಎಷ್ಟು ಪ್ರತಿಗೆ ಸಿಕ್ಕಿದೆ ಎಂಬ ಪಟ್ಟಿಯನ್ನೂ ಈ ಸಂಸ್ಥೆಗಳು ಪ್ರಕಟಿಸುತ್ತವೆ. ಪಿಎಸ್‌ಎ ಕೈಯಲ್ಲಿ ಹಾದುಹೋದ ಸಾವಿರಕ್ಕೂ ಹೆಚ್ಚು 1952ರ ಮ್ಯಾಂಟಲ್ ಕಾರ್ಡುಗಳಲ್ಲಿ ಪೂರ್ಣ 10 ಅಂಕ ಬಂದಿರುವುದು ಮೂರಕ್ಕೆ. 9 ಅಂಕದ ಒಂದು ಪ್ರತಿ 2021ರ ಜನವರಿಯಲ್ಲಿ 52 ಲಕ್ಷ ಡಾಲರಿಗೆ ಹೋಗಿತ್ತು. 1.26 ಕೋಟಿಯದು ಎಸ್‌ಜಿಸಿ 9.5 ಅಂಕ ಕೊಟ್ಟ ಪ್ರತಿ. ಸಾವಿರಗಟ್ಟಲೆ ಇರುವ ವಸ್ತುವಿನೊಳಗೇ ಹೀಗೆ ಬೆರಳೆಣಿಕೆಯ ವಸ್ತುವೊಂದು ಹುಟ್ಟಿಕೊಂಡಿತು.

ಸ್ಥಿತಿಯ ವಿರಳತೆಗೆ ಆಂಡಿ ಪ್ಯಾಫ್ಕೊ ಕಾರ್ಡು ಒಳ್ಳೆಯ ನಿದರ್ಶನ. ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಈತ ಒಳ್ಳೆಯ ಆಟಗಾರ, ಮಹಾನ್ ಆಟಗಾರನಲ್ಲ. ಆದರೆ 1952ರ ಮಾಲೆಯ 1ನೇ ಸಂಖ್ಯೆ ಅವನದು. ಆಗಿನ ಮಕ್ಕಳು ಕಾರ್ಡುಗಳನ್ನು ಸಂಖ್ಯೆಯ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. ಮೇಲಿನ ಕಾರ್ಡಿನ ಅಂಚನ್ನು ರಬ್ಬರ್ ಕೊರೆಯುತ್ತಿತ್ತು, ಮೇಜಿನ ಧೂಳು, ಕೈಬೆವರು ಅದಕ್ಕೇ ತಾಗುತ್ತಿತ್ತು. ಕಟ್ಟಿನ ತಳದಲ್ಲಿದ್ದ 407ನೆಯ ಎಡ್ಡಿ ಮ್ಯಾಥ್ಯೂಸ್ ಕಾರ್ಡಿನದೂ ಅದೇ ಪಾಡು. ಹೀಗಾಗಿ ಕಲೆಯಿಲ್ಲದ ಪ್ಯಾಫ್ಕೊ ಕಾರ್ಡು ಅತ್ಯಪರೂಪ. 1998ರಲ್ಲಿ 10 ಅಂಕದ ಒಂದು ಪ್ರತಿ 80 ಸಾವಿರ ಡಾಲರ್ ದಾಟಿತು. ಕೊಂಡವರ ಕಣ್ಣು ಇದ್ದದ್ದು ಪ್ಯಾಫ್ಕೊ ಮೇಲಲ್ಲ, ಮಾಲೆಯನ್ನು ಅತ್ಯುತ್ತಮ ಸ್ಥಿತಿಯಲ್ಲಿ ಪೂರ್ತಿ ಮಾಡುವುದರ ಮೇಲೆ. ಮಾಲೆ ಕಟ್ಟುವವರ ಬೇಡಿಕೆ ತಾರೆಯರ ಬೇಡಿಕೆಗಿಂತ ಬೇರೆಯದೇ ಶಕ್ತಿ.

ಅಂಕದ ಮೇಲೆ ಇಷ್ಟು ಹಣ ನಿಂತಾಗ ಮೋಸವೂ ಬರುತ್ತದೆ. ಪಿಎಸ್‌ಎ ಮೊಟ್ಟಮೊದಲು ಅಂಕ ಕೊಟ್ಟ ಕಾರ್ಡೇ ಒಂದು ವ್ಯಾಗ್ನರ್. ಅದಕ್ಕೆ ಸಿಕ್ಕಿದ್ದು 8. ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಪಾಲುದಾರರೊಬ್ಬರ ಜೊತೆ ಸೇರಿ 1991ರಲ್ಲಿ 4.51 ಲಕ್ಷ ಡಾಲರಿಗೆ ಕೊಂಡ ಕಾರ್ಡು ಅದು. 2000ದಲ್ಲಿ 12.65 ಲಕ್ಷಕ್ಕೆ, 2007ರಲ್ಲಿ 28 ಲಕ್ಷಕ್ಕೆ ಏರಿತು. ಅಷ್ಟು ಚೂಪಾದ ಅಂಚುಗಳ ಬಗ್ಗೆ ಹಳಬರಿಗೆ ಮೊದಲಿನಿಂದ ಗುಮಾನಿ ಇತ್ತು. 2013ರಲ್ಲಿ ಹರಾಜುಗಾರ ಬಿಲ್ ಮ್ಯಾಸ್ಟ್ರೊ ವಂಚನೆ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡಾಗ, ಆ ಕಾರ್ಡಿನ ಬದಿಗಳನ್ನು ತಾನೇ ಕತ್ತರಿಸಿದ್ದಾಗಿ ಒಪ್ಪಿಕೊಂಡ. ತನ್ನ ಹರಾಜುಗಳಲ್ಲಿ ಹುಸಿ ಬಿಡ್‌ಗಳಿಂದ ಬೆಲೆ ಏರಿಸಿದ ಆರೋಪವೂ ಅವನ ಮೇಲಿತ್ತು. 20 ತಿಂಗಳ ಸೆರೆವಾಸವಾಯಿತು. ಬೆಲೆಪಟ್ಟಿಯಲ್ಲಿ ಕಾಣುವ ಪ್ರತಿ ಅಂಕಿಯ ಹಿಂದೆ ನಿಜವಾದ ಕೊಳ್ಳುಗ ಇದ್ದನೆಂದು ನಂಬಬಾರದು ಎಂಬುದನ್ನು ಈ ಪ್ರಕರಣ ಸಂಗ್ರಾಹಕರಿಗೆ ಕಲಿಸಿತು.

ಅಟ್ಟದಿಂದ ಹೊಸ ಕಾರ್ಡು ಇಳಿದಾಗ

ವಿರಳತೆ ಶಾಶ್ವತವಲ್ಲ. 2012ರಲ್ಲಿ ಒಹಾಯೊ ರಾಜ್ಯದ ಡಿಫಯನ್ಸ್ ಎಂಬ ಊರಿನ ಮನೆಯೊಂದರ ಅಟ್ಟದಲ್ಲಿ, ಧೂಳು ತಿಂದ ರಟ್ಟಿನ ಪೆಟ್ಟಿಗೆಯೊಳಗೆ, 1910ರ ಸುಮಾರಿನ ಏಳುನೂರರಷ್ಟು ಮಿಠಾಯಿ ಕಾರ್ಡುಗಳು ಸಿಕ್ಕವು. ನೂರು ವರ್ಷ ಯಾರೂ ಮುಟ್ಟದೆ ಇದ್ದುದರಿಂದ ಹೊಸದರಂತಿದ್ದವು. ಆ ಮಾಲೆಯಲ್ಲಿ ಒಳ್ಳೆಯ ಸ್ಥಿತಿಯ ಕಾರ್ಡು ಸಿಗುವುದೇ ಇಲ್ಲ ಎಂದುಕೊಂಡಿದ್ದವರ ಲೆಕ್ಕವೆಲ್ಲ ಒಂದೇ ದಿನದಲ್ಲಿ ತಲೆಕೆಳಗಾಯಿತು. ಎಲ್ಲವನ್ನೂ ಒಮ್ಮೆಲೇ ಮಾರುಕಟ್ಟೆಗೆ ಸುರಿದರೆ ಬೆಲೆ ಬೀಳುತ್ತದೆಂದು ಹರಾಜಿನವರು ಸ್ವಲ್ಪಸ್ವಲ್ಪವೇ ಹೊರಗೆ ತಂದರು. ಮೊದಲ ಹರಾಜಿನಲ್ಲಿ 37 ಕಾರ್ಡಿಗೆ 5.66 ಲಕ್ಷ ಡಾಲರ್ ಬಂತು.

2016ರಲ್ಲಿ ಇನ್ನೊಂದು ಘಟನೆ. ಹಿಂಬದಿಯಲ್ಲಿ ‘ಟೈ ಕಾಬ್’ ಎಂಬ ತಂಬಾಕಿನ ಜಾಹೀರಾತೇ ಇರುವ ಟೈ ಕಾಬ್ ಕಾರ್ಡು ಅಲ್ಲಿಯವರೆಗೆ ಸುಮಾರು 15 ಮಾತ್ರ ತಿಳಿದಿದ್ದವು. ಹಳೆಯ ಮನೆಯೊಂದನ್ನು ಖಾಲಿ ಮಾಡುವಾಗ ಕಸಕ್ಕೆ ಹೋಗಬೇಕಿದ್ದ ಕಾಗದದ ಚೀಲದಲ್ಲಿ ಒಟ್ಟಿಗೇ ಏಳು ಸಿಕ್ಕವು. ಬೇರೆ ಯಾವುದೇ ಸರಕಿನ ಪೂರೈಕೆ ಹೀಗೆ ಅರ್ಧದಷ್ಟು ಹೆಚ್ಚಿದರೆ ಬೆಲೆ ಕುಸಿಯುತ್ತದೆ. ಇಲ್ಲಿ ಏಳೂ ಸೇರಿ ಹತ್ತು ಲಕ್ಷ ಡಾಲರಿಗೂ ಮೇಲೆ ಬಾಳುತ್ತವೆಂದು ಪಿಎಸ್‌ಎ ಅಂದಾಜಿಸಿತು. ಇಪ್ಪತ್ತೆರಡು ಕಾರ್ಡಿಗೆ ಕಾದು ಕುಳಿತವರು ಅದಕ್ಕಿಂತ ಎಷ್ಟೋ ಹೆಚ್ಚು ಜನರಿದ್ದರು.

ಬೇಡಿಕೆ ಬತ್ತಿದರೆ

ಜೇಮ್ಸ್ ಬೆಕೆಟ್ ಎಂಬ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು 1979ರಲ್ಲಿ ಬೆಲೆ ಕೈಪಿಡಿ ತಂದರು, 1984ರಲ್ಲಿ ಮಾಸಪತ್ರಿಕೆ ಶುರುಮಾಡಿದರು. ಮನೆಯಲ್ಲಿರುವ ಕಾರ್ಡಿನ ಬೆಲೆ ಎಷ್ಟೆಂದು ಎಲ್ಲರಿಗೂ ತಿಳಿಯಿತು. ಹಳೆಯ ಕಾರ್ಡಿಗೆ ಸಾವಿರಾರು ಡಾಲರ್ ಬರುತ್ತದೆಂದು ಕಂಡ ಜನ, ಇಂದಿನ ಕಾರ್ಡು ನಾಳೆ ಹಾಗಾಗುತ್ತದೆಂದು ಪೆಟ್ಟಿಗೆಗಟ್ಟಲೆ ಕೊಂಡಿಟ್ಟರು. ಕಂಪನಿಗಳು ಕೋಟಿಗಟ್ಟಲೆ ಅಚ್ಚು ಹಾಕಿದವು. 1952ರ ಕಾರ್ಡಿಗೆ ಬೆಲೆ ಬಂದದ್ದು ಅದನ್ನು ಯಾರೂ ಜೋಪಾನ ಮಾಡದ ಕಾರಣದಿಂದ ಎಂಬುದನ್ನು ಕೊಳ್ಳುವವರು ಮರೆತರು. 1980ರ ದಶಕದ ಕೊನೆಯ, 1990ರ ದಶಕದ ಮೊದಲ ಕಾರ್ಡುಗಳನ್ನು ಎಲ್ಲರೂ ಜೋಪಾನ ಮಾಡಿದರು. ಆದ್ದರಿಂದಲೇ ಅವಕ್ಕೆ ಬೆಲೆ ಇಲ್ಲ. 1989ರ ಅಪ್ಪರ್ ಡೆಕ್ ಕಂಪನಿಯ ಕೆನ್ ಗ್ರಿಫಿ ಜೂನಿಯರ್ ಕಾರ್ಡು ಆ ಕಾಲದ ಅತಿ ಪ್ರಸಿದ್ಧ ಕಾರ್ಡು. 10 ಅಂಕ ಪಡೆದವೇ ಸಾವಿರಗಟ್ಟಲೆ ಇರುವುದರಿಂದ ಅದು ಎಂದೂ ಮ್ಯಾಂಟಲ್ ಆಗಲಾರದು. 1994ರ ಆಗಸ್ಟ್‌ನಲ್ಲಿ ಆಟಗಾರರು ಮುಷ್ಕರ ಹೂಡಿ ಆ ವರ್ಷದ ವಿಶ್ವ ಸರಣಿಯೇ ರದ್ದಾದಾಗ, ಮುನಿಸಿಕೊಂಡ ಜನ ಆಟದಿಂದಲೂ ಕಾರ್ಡಿನಿಂದಲೂ ದೂರ ಸರಿದರು. ಬಹಳ ಮಂದಿ ಕೈ ಸುಟ್ಟುಕೊಂಡರು.

2020ರ ಲಾಕ್‌ಡೌನ್ ಮತ್ತೊಂದು ಅಲೆ ಎಬ್ಬಿಸಿತು. ಮನೆಯಲ್ಲಿ ಕುಳಿತ ಜನ ಹಳೆಯ ಪೆಟ್ಟಿಗೆ ತೆರೆದರು. ಅಂಕಕ್ಕಾಗಿ ಬಂದ ಕಾರ್ಡುಗಳ ರಾಶಿ ತಾಳಲಾರದೆ 2021ರ ಮಾರ್ಚ್‌ನಲ್ಲಿ ಪಿಎಸ್‌ಎ ತನ್ನ ಬಹುತೇಕ ಸೇವೆಗಳನ್ನು ಕೆಲಕಾಲ ನಿಲ್ಲಿಸಿತು. ಆ ಅಲೆಯಲ್ಲಿ ಹೊಸ ಕಾರ್ಡುಗಳು ಎಷ್ಟು ಬೇಗ ಏರಿದವೋ ಅಷ್ಟೇ ಬೇಗ ಇಳಿದವು. ಆಡುತ್ತಿರುವ ಆಟಗಾರನಿಗೆ ಗಾಯವಾದರೆ, ಲಯ ತಪ್ಪಿದರೆ ಅವನ ಕಾರ್ಡೂ ಬೀಳುತ್ತದೆ. ರೂತ್, ವ್ಯಾಗ್ನರ್ ಇನ್ನು ಕೆಟ್ಟದಾಗಿ ಆಡುವ ಸಾಧ್ಯತೆಯಿಲ್ಲ. ಹಳೆಯ ಕಾರ್ಡು ಗಟ್ಟಿಯಾಗಿ ನಿಲ್ಲುವುದರ ಗುಟ್ಟು ಇದೇ. ಆದರೂ ಮ್ಯಾಂಟಲ್ ಅವರನ್ನು ಕಣ್ಣಾರೆ ಕಂಡ ತಲೆಮಾರು ಈಗ ಎಪ್ಪತ್ತು ದಾಟಿದೆ. ಅವರ ಸಂಗ್ರಹಗಳು ಮುಂದಿನ ವರ್ಷಗಳಲ್ಲಿ ಒಂದೊಂದಾಗಿ ಮಾರುಕಟ್ಟೆಗೆ ಬರಲಿವೆ. ಅತ್ಯುತ್ತಮ ಕಾರ್ಡುಗಳಿಗೆ ಗಿರಾಕಿ ತಪ್ಪುವುದಿಲ್ಲ, 1950ರ ದಶಕದ ಸಾಧಾರಣ ಆಟಗಾರರ ಸಾಧಾರಣ ಸ್ಥಿತಿಯ ಕಾರ್ಡುಗಳಿಗೆ ಸಿಗುವುದು ಅನುಮಾನ ಎಂಬುದು ನನ್ನ ಎಣಿಕೆ.

ಕೈಗೆ ಸಿಕ್ಕರೆ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳು ಅಲ್ಲಿ ಬೇಸ್‌ಬಾಲ್ ಆಡುತ್ತಾರೆ, ಕಾರ್ಡು ಕೂಡಿಸುತ್ತಾರೆ. ಗ್ಯಾರೇಜ್ ಸೇಲ್‌ಗಳಲ್ಲಿ ಹಳೆಯ ಕಾರ್ಡಿನ ಡಬ್ಬಿಗಳು ಕಾಣಸಿಗುವುದೂ ಅಪರೂಪವಲ್ಲ. ವ್ಯಾಗ್ನರ್ ಕಾರ್ಡು ಸಿಕ್ಕಿತೆಂದು ಹಿಗ್ಗುವ ಮುನ್ನ ಅದರ ಮೇಲಿನ ಹೆಸರನ್ನು ಭೂತಗನ್ನಡಿಯಲ್ಲಿ ನೋಡಿ. ಮರುಮುದ್ರಣವಾದರೆ ಅಕ್ಷರಗಳೂ ಸಣ್ಣ ಚುಕ್ಕಿಗಳಾಗಿ ಒಡೆದಿರುತ್ತವೆ. ಅಸಲಿ ಕಲ್ಲಚ್ಚಿನಲ್ಲಿ ಅಕ್ಷರದ ಶಾಯಿ ಒಂದೇ ಸಮ ಕೂಡಿರುತ್ತದೆ. ಕೊಳ್ಳುವುದಾದರೆ ಕೇಳುವ ಬೆಲೆಯನ್ನು ನೋಡಬೇಡಿ, ಅದೇ ಕಾರ್ಡು ಅದೇ ಅಂಕದಲ್ಲಿ ಈಚೆಗೆ ಎಷ್ಟಕ್ಕೆ ಮಾರಾಟವಾಗಿದೆ ಎಂದು ನೋಡಿ. ನಿಜವಾದ ಹಳೆಯ ಕಾರ್ಡೇ ಆಗಿದ್ದರೆ ತೊಳೆಯಬೇಡಿ, ಅಂಚು ಸರಿಮಾಡಲು ಕತ್ತರಿ ಮುಟ್ಟಬೇಡಿ, ಮಡಿಕೆ ಬಿಡಿಸಲು ಒತ್ತಬೇಡಿ, ರಬ್ಬರ್ ಬ್ಯಾಂಡ್ ಅಂತೂ ಹಾಕಲೇಬೇಡಿ. ಹೇಗಿದೆಯೋ ಹಾಗೆಯೇ ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು, ತಿಳಿದವರೊಬ್ಬರಿಗೆ ಬಿಟ್ಟು ಇಬ್ಬರಿಗೆ ತೋರಿಸಿ.